ಬೆಲ್ಲ ನೀರು ಕುಡಿದ ವ್ಯಾಪಾರಿ

ಮಗಳಿಗೆ ಶಾಲೆಯ ನಾಟಕದಲ್ಲಿ ರಾಜನ ಪಾತ್ರ ಸಿಕ್ಕಿತೆಂಬ ಖುಷಿ ನನಗೆ ಒಂದೇ ಸಂಜೆ ಇತ್ತು. ಮರುದಿನ ಅವಳ ಚೀಲದಲ್ಲಿದ್ದ ಸ್ಕ್ರಿಪ್ಟ್ ತೆಗೆದು ಓದಿದೆ, ಮೈಯೆಲ್ಲ ಉರಿಯಿತು. ಇಂಗ್ಲೆಂಡಿನ ವ್ಯಾಪಾರಿ ಹಡಗಿನಿಂದ ಇಳಿದು ಬರುತ್ತಾನೆ. ಇಂಡಿಯಾದ ರಾಜ ಸಿಂಹಾಸನದಲ್ಲಿ ಆಕಳಿಸುತ್ತಾ ಕೂತಿರುತ್ತಾನೆ. ವ್ಯಾಪಾರಿ ಬಾಗಿ ನಮಸ್ಕರಿಸಿ, ಕನ್ನಡಿಯೊಂದನ್ನು ಕಾಣಿಕೆ ಕೊಟ್ಟು, ಮೆಣಸಿನ ಮೂಟೆ ಇಡಲು ಕಡಲ ದಂಡೆಯಲ್ಲಿ ಚೂರು ಜಾಗ ಕೇಳುತ್ತಾನೆ. ರಾಜ ಕನ್ನಡಿಯಲ್ಲಿ ಮುಖ ನೋಡಿಕೊಂಡು ಜಾಗದ ಕಾಗದಕ್ಕೆ ಸಹಿ ಹಾಕುತ್ತಾನೆ. ಎಲ್ಲರೂ ಕುಣಿಯುತ್ತಾರೆ. ಮುಗಿಯಿತು.

ಮದುವೆಗೆ ಮುಂಚೆ ನಾನು ನಾಲ್ಕು ವರ್ಷ ಕುಂದಾಪುರದ ಹತ್ತಿರದ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿದವಳು. ಲಂಡನ್ನಿನ ಹೌನ್ಸ್ಲೋಗೆ ಬಂದ ಮೇಲೆ ಕೈಗೆ ಸಿಕ್ಕಿದ್ದು ವಿಮಾನದ ಊಟದ ಡಬ್ಬಿಗಳಿಗೆ ಫಾಯಿಲ್ ಮುಚ್ಚುವ ಕೆಲಸ. ಫಾಯಿಲ್ ಮುಚ್ಚುವವಳು ಕಲಿತದ್ದನ್ನೆಲ್ಲ ಮರೆತಿರುತ್ತಾಳೆ ಎಂದು ಈ ಊರಿನವರಿಗೆ ಹೇಗೋ ಒಂದು ನಂಬಿಕೆ. ನಾನು ಮರೆತಿರಲಿಲ್ಲ. ದೂರದ ಸಮುದ್ರಕ್ಕೆ ಹಡಗು ಬಿಡುವ ಮೊದಲೇ ಈ ಇಂಗ್ಲಿಷರು ಪಕ್ಕದ ಐರ್ಲೆಂಡಿನಲ್ಲಿ ಬೇರೆಯವರ ನೆಲದ ಮೇಲೆ ತಮ್ಮವರನ್ನು ಕೂರಿಸುವುದನ್ನು ಕಲಿತಿದ್ದರು. ಸ್ಪೇನಿನ ಹಡಗು ದೋಚಿ ತಂದವನಿಗೆ ರಾಣಿ ಸರ್ ಪದವಿ ಕೊಟ್ಟಿದ್ದಳು. ಆಮೇಲೆ ಲಂಡನ್ನಿನ ವರ್ತಕರು ಒಟ್ಟಾಗಿ, ಅದೇ ರಾಣಿಯಿಂದ ಸನ್ನದು ಬರೆಸಿಕೊಂಡು, ಮೆಣಸಿನ ಆಸೆಗೆ ಹೊರಟರು. ಹಾಗೆ ಹೊರಟವರಿಗೆ ನಮ್ಮ ರಾಜ ಆಕಳಿಸುತ್ತಾ ಸಹಿ ಹಾಕಬೇಕಂತೆ, ಅದೂ ನನ್ನ ಮಗಳ ಕೈಯಿಂದ.

ನಿಜ ಹೇಳಬೇಕೆಂದರೆ, 'ವ್ಯಾಪಾರಕ್ಕಾಗಿ ಬಂದರು' ಎಂಬ ಒಂದೇ ಸಾಲನ್ನು ನಾನೂ ಅಲ್ಲಿ ಮಕ್ಕಳಿಗೆ ಡಿಕ್ಟೇಷನ್ ಕೊಟ್ಟಿದ್ದೆ. ಎರಡು ಅಂಕದ ಪ್ರಶ್ನೆ. ಅದು ನೆನಪಾಗಿ ಸಿಟ್ಟು ಇನ್ನಷ್ಟು ಏರಿತು.

ಶಾಲೆಗೆ ಹೋಗಿ ಟೀಚರಮ್ಮನ ಮುಂದೆ ಕೂತೆ. ಆಕೆ ಮಗುವನ್ನು ಸಮಾಧಾನ ಮಾಡುವ ಹಾಗೆ ನಕ್ಕರು. "ಈ ಮಕ್ಕಳಿಗೆ ಒಂಬತ್ತು ವರ್ಷ. ಜಗಳದ ಭಾಗವೆಲ್ಲ ಮುಂದೆ ಕಲಿಯುತ್ತಾರೆ. ಮೊದಲು ಬಂದಾಗ ಆ ವ್ಯಾಪಾರಿಗಳು ವಿನಯದಿಂದಲೇ ಕೇಳಿದ್ದರಲ್ಲವೇ?"

"ಕೇಳಲಿ. ರಾಜ ಇಲ್ಲ ಅನ್ನಲಿ," ಅಂದೆ.

"ಹಾಗಾದರೆ ನಾಟಕ ಅಲ್ಲಿಗೇ ನಿಂತುಬಿಡುತ್ತದಲ್ಲ!"

"ನಿಲ್ಲಲಿ."

ಆಕೆ ಗಡಿಯಾರ ನೋಡಿದರು. ನಾನು ಎದ್ದು ಬಂದೆ. ಬಸ್ ಸ್ಟಾಪಿನಲ್ಲಿ ನಿಂತು ಹಲ್ಲು ಕಡಿದೆ. ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆ ದಿನವೇ ತೀರ್ಮಾನಿಸಿದೆ. ಏನೇ ಆದರೂ ನನ್ನ ಮಗಳು ಆ ಕಾಗದಕ್ಕೆ ಸಹಿ ಹಾಕಬಾರದು. ಒಲಿಂಪಿಕ್ಸ್ ಮುಗಿದು ಎರಡು ವರ್ಷವಾಗಿತ್ತು. ಸ್ಟ್ರಾಟ್‌ಫರ್ಡಿನ ದೊಡ್ಡ ಮಾಲಿಗೆ ಕರೆದುಕೊಂಡು ಹೋಗು ಎಂದು ಅವಳು ತಿಂಗಳುಗಟ್ಟಲೆ ಪ್ರಾಣ ತಿನ್ನುತ್ತಿದ್ದಳು. ಕರೆದುಕೊಂಡು ಹೋಗುತ್ತೇನೆ, ಹೊಳೆಯುವ ಶೂ ಕೊಡಿಸುತ್ತೇನೆ, ನೀನು ಕಾಗದ ತಳ್ಳಿ 'ನೋ' ಅನ್ನಬೇಕು ಎಂದೆ. ಟೀಚರ್ ಬೈಯುತ್ತಾರೆ ಎಂದು ಅವಳು ಮುಖ ಸಪ್ಪೆ ಮಾಡಿದಳು. ಶೂ ಯಾವ ಬಣ್ಣದ್ದು ಎಂದು ಕೇಳಿದಳು. ಕೊನೆಗೆ "ಓಕೆ" ಅಂದಳು. ನಾನು ಕನ್ನಡದಲ್ಲಿ ಏನೇ ಕೇಳಿದರೂ ಅವಳ ಉತ್ತರ ಇಂಗ್ಲಿಷಿನಲ್ಲೇ.

ಈ ನಡುವೆ ನಮ್ಮ ಮನೆಯ ಮುಂದೆ ಇನ್ನೊಂದು ರಗಳೆ ನಡೆಯುತ್ತಿತ್ತು. ಬಾಡಿಗೆ ಮನೆಯ ಎದುರು ಒಂದು ಕಾರಿಗಾಗುವಷ್ಟು ಜಾಗ. ಪಕ್ಕದ ಮನೆಯ ಮುದುಕ ಆ ಬೇಸಿಗೆಯಲ್ಲಿ ಬಾಗಿಲು ತಟ್ಟಿದ್ದ. ಬಾಗಿಲಿಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡು, ಬಂದ ಕೆಲಸ ಆಮೇಲೆ ಕೇಳು ಎಂದು ನನ್ನ ಅಮ್ಮ ಕಲಿಸಿದ್ದಳು. ಅಭ್ಯಾಸ ಎಲ್ಲಿ ಹೋಗುತ್ತದೆ? ಒಳಗೆ ಕೂರಿಸಿ, ಒಂದು ತುಂಡು ಬೆಲ್ಲ, ತಂಬಿಗೆ ನೀರು ಕೊಟ್ಟೆ. ಅವನು ಬೆಲ್ಲವನ್ನು ತಿರುಗಿಸಿ ನೋಡಿ, ಬಾಯಿಗೆ ಹಾಕಿ, ನೀರು ಕುಡಿದು ಕೇಳಿದ. ತನ್ನ ಮನೆಯ ಮುಂದೆ ಚರಂಡಿ ಅಗೆಯುತ್ತಿದ್ದಾರೆ, ಎರಡು ದಿನ ನಿಮ್ಮ ಜಾಗದಲ್ಲಿ ಕಾರು ನಿಲ್ಲಿಸಲೇ?

ಎರಡು ದಿನ ಅಂದದ್ದು ಎರಡು ತಿಂಗಳಾಯಿತು. ಚರಂಡಿ ಮುಚ್ಚಿ ಹುಲ್ಲೂ ಬೆಳೆಯಿತು. ಕಾರಿನ ಪಕ್ಕಕ್ಕೆ ಅವನ ಕಸದ ಡಬ್ಬಿ ಬಂತು. ನಮ್ಮ ಮನೆಗೆ ಊಟಕ್ಕೆ ಬಂದವರಿಗೆ, ತನ್ನ ಕಾರಿಗೆ ಅಡ್ಡ ನಿಲ್ಲಿಸಬೇಡಿ ಎಂದು ಅವನೇ ದಬಾಯಿಸಿದ. ಆ ದಿನ ನಮ್ಮ ಯಜಮಾನರ ಪಿತ್ತ ನೆತ್ತಿಗೇರಿತು.

"ನಿಂಗೆ ಬಾಯಿ ಇಲ್ಯಾ? ಆತಿಲ್ಲೆ ಅಂದ್ ಹೇಳುಕ್ ಎಂತ ಆಯ್ತ್?" ಎಂದು ಅಡುಗೆಮನೆಗೇ ಬಂದು ಕೂಗಿದರು.

"ಅಂವ ನೀರ್ ಕುಡ್ದಾಯ್ತಲ್ಲ. ಇನ್ ಇಲ್ಲೆ ಅಂಬುಕ್ ಆತ್ತಾ?" ಎಂದು ನಾನೂ ಊರಿನ ಮಾತಿನಲ್ಲೇ ಕೂಗಿದೆ; ನೀರು ಕುಡಿದವನಿಗೆ ಇಲ್ಲ ಅನ್ನಲು ನನಗೆ ಬರುವುದಿಲ್ಲ. ಮಗಳು ಮೆಟ್ಟಿಲ ಮೇಲೆ ಕೂತು ಟೋಸ್ಟ್ ತಿನ್ನುತ್ತಿದ್ದಳು.

ನಾಟಕದ ಬೆಳಿಗ್ಗೆ ಅವಳು ತಂಬಿಗೆ ಬೇಕೆಂದಳು. ಜೊತೆಗೆ ಒಂದು ತುಂಡು ಬೆಲ್ಲ. ರಾಜನ ಮನೆಯಲ್ಲಿ ಏನಾದರೂ ಇರಬೇಕಲ್ಲ ಎಂದುಕೊಂಡು, ತಂಬಿಗೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಬೆಲ್ಲದ ಜೊತೆ ಚೀಲಕ್ಕೆ ಹಾಕಿದೆ.

ಶಾಲೆಯ ಹಾಲ್ ತುಂಬ ಪ್ಲಾಸ್ಟಿಕ್ ಕುರ್ಚಿಗಳು. ನಾನು ಎರಡನೇ ಸಾಲಿನಲ್ಲಿ ಕೂತೆ, ಮಗಳಿಗೆ ನಾನು ಕಾಣಬೇಕೆಂದೇ. ರಟ್ಟಿನ ಹಡಗು ಬಂತು. ವ್ಯಾಪಾರಿಯ ವೇಷದ ಕೆಂಚು ಕೂದಲಿನ ಹುಡುಗಿ ಅಂಟಿಸಿದ ಮೀಸೆ ಒತ್ತಿಕೊಳ್ಳುತ್ತಾ ಬಾಗಿದಳು. ಮಗಳು ಆಕಳಿಸಲಿಲ್ಲ! ಸಿಂಹಾಸನದಿಂದ ಇಳಿದು, ಕೈ ಎತ್ತಿ ಅವಳ ಮಾತು ನಿಲ್ಲಿಸಿ, ಬೆಲ್ಲದ ತುಂಡು ಕೊಟ್ಟು, ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನೀಡಿದಳು. ಇದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಕೆಂಚು ಹುಡುಗಿ ಟೀಚರ್ ಕಡೆ ನೋಡಿದಳು. ಆಮೇಲೆ ಬೆಲ್ಲ ಬಾಯಿಗೆ ಹಾಕಿ ಗಟಗಟ ಕುಡಿದಳು. ಮೀಸೆ ಕಳಚಿತು. ಎಲ್ಲರೂ ನಕ್ಕರು. ನನಗೆ ಎದೆಯುಬ್ಬಿ ಬಂತು. ನೋಡಿ, ನಮ್ಮ ರಾಜ ಕನ್ನಡಿಗೆ ಬಾಯಿ ಬಿಡುವವನಲ್ಲ ಎಂದು ಆ ಟೀಚರಮ್ಮನ ಕಿವಿಯಲ್ಲಿ ಕೂಗಬೇಕೆನ್ನಿಸಿತು.

ವ್ಯಾಪಾರಿ ಕಾಗದ ಬಿಡಿಸಿದ. ಮಗಳು ನನ್ನನ್ನು ನೋಡಿದಳು. ನಾನು ಬೇಡ ಎಂದು ತಲೆಯಾಡಿಸಿದೆ. ಅವಳು ಕಾಗದ ನೋಡಿದಳು, ಕೆಳಗಿಟ್ಟ ಖಾಲಿ ತಂಬಿಗೆ ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಪೆನ್ನು ತೆಗೆದುಕೊಂಡು ಸಹಿ ಹಾಕಿದಳು.

ಹಾಲ್ ಪೂರ್ತಿ ಚಪ್ಪಾಳೆ. ನಾನು ಕೈ ಕಟ್ಟಿಕೊಂಡು ಕೂತಿದ್ದೆ. ಟೀಚರಮ್ಮ ದೂರದಿಂದ ಹೆಬ್ಬೆರಳು ಎತ್ತಿ ತೋರಿಸಿದರು. ಆ ಹೆಬ್ಬೆರಳನ್ನು ಮುರಿಯಬೇಕೆನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಬಸ್ಸಿನ ಮೇಲಿನ ಮಹಡಿಯಲ್ಲಿ ಅವಳಿಗೆ ಚೆನ್ನಾಗಿ ಬೈದೆ. ಶೂ ಇಲ್ಲ, ಸ್ಟ್ರಾಟ್‌ಫರ್ಡ್ ಇಲ್ಲ ಎಂದೆ. ಅಷ್ಟು ಹೇಳಿಕೊಟ್ಟರೂ ಅವರ ಎದುರಿಗೆ ಒಂದು 'ನೋ' ಅನ್ನಲು ನಿನಗೆ ಆಗಲಿಲ್ಲ, ನಾಚಿಕೆಯಾಗಬೇಕು ಎಂದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ಅವಳು ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು. ನಮ್ಮ ಸ್ಟಾಪಿನಲ್ಲಿ ಇಳಿದೆವು. ಮುದುಕನ ಕಾರು ನಮ್ಮ ಬಾಗಿಲಿಗೆ ಒರಗಿದಂತೆ ನಿಂತಿತ್ತು. ಅಡ್ಡಡ್ಡ ಸರಿದು, ಅದಕ್ಕೂ ಗೋಡೆಗೂ ನಡುವೆ ತೂರಿಕೊಂಡು ಬೀಗ ತೆಗೆಯಬೇಕು.

"ಯಾಕೆ ಸಹಿ ಹಾಕಿದೆ? ಹೇಳು," ಎಂದು ಅಲ್ಲೇ ನಿಲ್ಲಿಸಿ ಕೇಳಿದೆ.

ಅವಳು ಮೂಗು ಒರೆಸಿಕೊಂಡಳು. ಹುಟ್ಟಿದಾಗಿನಿಂದ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟವಳು, ನನ್ನದೇ ದನಿಯಲ್ಲಿ ಹೇಳಿದಳು:

"ಅಂವ ನೀರ್ ಕುಡ್ದಾಯ್ತಲ್ಲ. ಇನ್ ಇಲ್ಲೆ ಅಂಬುಕ್ ಆತ್ತಾ?"