ಮೇಷ್ಟ್ರ ಗುಪ್ತಲಿಪಿ

ಬಸವೇಶ್ವರನಗರದ ನಮ್ಮ ಬ್ಲಾಕಿನಲ್ಲಿ ಸುಧೀಂದ್ರ ಮೇಷ್ಟ್ರಿಗೆ ನಮಸ್ಕಾರ ಹೇಳದವರಿಲ್ಲ. ನಾನೂ ಹೇಳುತ್ತಿದ್ದೆ. ಈಗ ಅವರ ನೆರಳು ಕಂಡರೂ ನನಗೆ ಹೇಸಿಗೆ.

ಗಣಿತ ಕಲಿಸಿ ನಿವೃತ್ತರಾದವರು. ಪಾರ್ಕಿನ ಕರಿಹಲಗೆಯ ಮೇಲೆ ದಿನಾ ಸುಭಾಷಿತ ಬರೆಯುವ ಕೆಲಸವನ್ನು ವಾಕಿಂಗ್ ಸಂಘದವರು ಅವರಿಗೆ ವಹಿಸಿದ್ದರು. ಅಷ್ಟಕ್ಕೆ ತೃಪ್ತಿಯಾಗದೆ ಅವರು ಕೆಳಗೊಂದು ಸಾಲು ಗುಪ್ತಲಿಪಿಯನ್ನೂ ಬರೆಯತೊಡಗಿದರು. ವಿದ್ಯೆ ಸುಲಭ. ಪ್ರತಿ ವ್ಯಂಜನದ ಬದಲು ವರ್ಣಮಾಲೆಯಲ್ಲಿ ಅದರ ಮುಂದಿನದನ್ನು ಬರೆಯುವುದು: ಕ ಇದ್ದಲ್ಲಿ ಖ, ಮ ಇದ್ದಲ್ಲಿ ಯ. ಕಾಗುಣಿತ ಹಾಗೇ ಇರುತ್ತದೆ. 'ಮನೆ' ಎಂಬುದು 'ಯಪೆ' ಆಗುತ್ತದೆ. ಓದುವವರು ಒಂದೊಂದು ಅಕ್ಷರ ಹಿಂದಕ್ಕೆ ಬಂದರಾಯಿತು. ಮಕ್ಕಳೂ ಅಜ್ಜಿಯರೂ ಖುಷಿಯಿಂದ ಬಿಡಿಸುತ್ತಿದ್ದರು.

ಕಳೆದ ವರ್ಷದಿಂದ ಕೆಲವು ದಿನ ಆ ಸಾಲು ಯಾರಿಗೂ ಬಗ್ಗುತ್ತಿರಲಿಲ್ಲ. ಕಲ್ಲುಬೆಂಚಿನ ಮೇಲೆ ಕೂರುವ ಮೇಷ್ಟ್ರ ಗೆಳೆಯರು ಮಾತ್ರ ಓದಿಕೊಂಡು ಕಿಸಕ್ಕನೆ ನಗುತ್ತಿದ್ದರು. ಎಷ್ಟು ಅಕ್ಷರ ಹಾರಬೇಕೆಂದು ಮೇಷ್ಟ್ರು ಅವರ ಕಿವಿಯಲ್ಲಷ್ಟೇ ಹೇಳುತ್ತಿದ್ದರು.

ನನ್ನ ಪಕ್ಕದ ಮನೆಯ ಮಹಡಿಯಲ್ಲಿ ಲತಾ ಬಾಡಿಗೆಗಿದ್ದಳು. ಗಂಡನನ್ನು ಬಿಟ್ಟು ಬಂದವಳು. ಮಗಳು ಸ್ಪಂದನ ಎದುರು ರಸ್ತೆಯ ಶಾಲೆಯಲ್ಲಿ ಹತ್ತನೇ ತರಗತಿ. ಪರೀಕ್ಷೆ ಮುಗಿಯುವವರೆಗೆ ಆ ಮನೆ ಕೈತಪ್ಪಬಾರದು, ಅದೊಂದೇ ಅವಳ ಚಿಂತೆ. ಮಾಲೀಕ ಮುನಿರಾಮಯ್ಯನವರೂ ಅದೇ ಕಲ್ಲುಬೆಂಚಿನವರು.

ಈ ಜನವರಿಯಲ್ಲಿ ಒಂದು ಬೆಳಿಗ್ಗೆ ಲತಾ ನನ್ನ ಜೊತೆ ವಾಕಿಂಗಿಗೆ ಬಂದಳು. ಹಲಗೆಯ ಮೇಲಿನ ಸಾಲು 'ಹುರೋಪವ' ಎಂದು ಶುರುವಾಗಿತ್ತು. ಈ ಗಂಡಸರಿಗೆ ಶುಭೋದಯ ಹೇಳದೆ ಬಾಯಿ ತೆರೆಯಲು ಬರುವುದಿಲ್ಲ. ಫೋನಿನಲ್ಲೂ ಹೂವಿನ ಚಿತ್ರದ ಜೊತೆ ದಿನಾ ಅದೇ. ಹೊಲಸು ಬರೆಯುವಾಗಲೂ ಆ ಚಟ ಬಿಟ್ಟಿರಲಿಲ್ಲ. ಮೊದಲ ಪದ ಶುಭೋದಯವೇ ಇರಬೇಕೆಂದು ಲತಾ ಬೆರಳು ಮಡಚಿ ಎಣಿಸಿದಳು. ಶ ಆದ ಮೇಲೆ ಮೂರನೆಯದು ಹ. ಭ ಆದ ಮೇಲೆ ಮೂರನೆಯದು ರ. ಎಲ್ಲ ಅಕ್ಷರಕ್ಕೂ ಒಂದೇ ಲೆಕ್ಕವಾದ್ದರಿಂದ ಒಂದು ಪದ ಸಿಕ್ಕರೆ ಉಳಿದದ್ದೆಲ್ಲ ಸಿಕ್ಕಂತೆ. ಮುಂದಿನ 'ಷಧಾ' ಅವಳದೇ ಹೆಸರು.

ಅವಳು ಅಲ್ಲೇ ನಿಂತು, ಪಾರ್ಕಿಗೆಲ್ಲ ಕೇಳುವಂತೆ ಓದಿದಳು: "ಶುಭೋದಯ. ಲತಾ ಮನೇಲಿ ನಿನ್ನೆ ಹೊಸ ಗಂಡಸು."

ನಡೆಯುತ್ತಿದ್ದವರೆಲ್ಲ ನಿಂತರು. ಮೇಷ್ಟ್ರು ಬಳಪದ ಕೈ ಒರೆಸಿಕೊಳ್ಳುತ್ತ, ಇದೆಲ್ಲ ತಮಾಷೆ, ಬುದ್ಧಿಗೊಂದು ಕಸರತ್ತು ಎಂದರು. ಲತಾ ಮುನಿರಾಮಯ್ಯನವರ ಕಡೆ ತಿರುಗಿ, ನೀವೂ ಓದುತ್ತಿದ್ದಿರಾ ಎಂದು ಕೇಳಿದಳು.

"ಓದ್ತಿದ್ದೆ ಕಣಮ್ಮ," ಎಂದರು ಅವರು, ಒಂದಿಷ್ಟೂ ನಾಚಿಕೆಯಿಲ್ಲದೆ. "ನಮ್ ನಮ್ಮಲ್ಲೇ ಇದ್ದಷ್ಟು ದಿನ ನಾನೇನಾದ್ರೂ ಅಂದ್ನಾ? ಈಗ ನೀನೇ ಎಲ್ರ ಮುಂದೆ ಓದ್ಬಿಟ್ಟೆ. ನನ್ ಮನೆ ಮರ್ಯಾದೆ ಏನಾಗ್ಬೇಕು? ತಿಂಗಳ ಕೊನೆಗೆ ಖಾಲಿ ಮಾಡು."

ಮೇಷ್ಟ್ರು ಲತಾಳ ಹತ್ತಿರ ಬಂದು, ದನಿ ತಗ್ಗಿಸಿ, ಬಹಳ ಮಮತೆಯಿಂದ ಹೇಳಿದರು:

"ಎಲ್ಲಿಗೆ ಹೋದ್ರೂ ಮಗೂನ ನನ್ ಹತ್ರ ಕಳಿಸಮ್ಮ. ಗಣಿತ ಹೇಳ್ಕೊಡ್ತೀನಿ."