ಹುಲ್ಲುಗಾಡಿಯ ಬೆಲ್ಟ್

ಎಂಬತ್ತರ ದಶಕದ ಶುರುವಿನಲ್ಲಿ ನಾನು ಕಡೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ಒಂದು ದಿನ ಸಿಂಗಟಗೆರೆ ಕಡೆಯ ತೆಂಗಿನ ತೋಟದ ಯಜಮಾನರು ಕರೆಸಿದರು. ಹೋಗಿ ನೋಡಿದರೆ ನಾಲ್ಕು ಚಕ್ರದ ಗಾಡಿ, ಮೇಲೊಂದು ಸೀಟು, ಹೊಟ್ಟೆಯ ಕೆಳಗೆ ಕತ್ತಿ. ಕೂತು ಓಡಿಸಿದರೆ ಹುಲ್ಲು ಕೊಯ್ಯುತ್ತದಂತೆ. ಹುಲ್ಲು ಕೊಯ್ಯಲು ಕೂತುಕೊಂಡು ಹೋಗುವುದಾ! ಬಾಯಿ ತೆರೆದು ನಿಂತೆ. ಯಾರೋ ಪರದೇಶದವರು ಬಿಟ್ಟುಹೋದದ್ದನ್ನು ಯಜಮಾನರು ಹರಾಜಿನಲ್ಲಿ ಹಿಡಿದು ಲಾರಿಯಲ್ಲಿ ತಂದಿದ್ದರು.

ಅದನ್ನು ಓಡಿಸುತ್ತಿದ್ದವನು ಅರವತ್ತು ದಾಟಿದ ಒಬ್ಬ ಅಜ್ಜ. ಅದೇ ತೋಟದಲ್ಲಿ ವರ್ಷಾನುಗಟ್ಟಲೆ ಎತ್ತಿನ ಗಾಡಿ ಹೊಡೆದವನು. ಎತ್ತು ಮಾರಿದ ಮೇಲೆ ಯಜಮಾನರು ಇದರ ಮೇಲೆ ಕೂರಿಸಿದ್ದರು. ಇದೂ ಹೋದರೆ ಅವನಿಗೆ ತೋಟದಲ್ಲಿ ಬೇರೆ ಕೆಲಸವಿರಲಿಲ್ಲ. ಮರ ಹತ್ತುವ ವಯಸ್ಸಲ್ಲ, ಗುದ್ದಲಿ ಹಿಡಿಯುವ ಸೊಂಟವಲ್ಲ.

“ಎತ್ತಾದ್ರೆ ಹುಲ್ಲು ತಿಂದು ಕೆಲ್ಸ ಮಾಡ್ತಿತ್ತು ಕಣೋ ಮೇಸ್ತ್ರಿ,” ಅಂದ. “ಈ ಮುಂಡೇದು ಹುಲ್ಲು ಕೊಯ್ದು ಪೆಟ್ರೋಲ್ ಕುಡಿತದೆ.”

ಇಂಜಿನ್ನಿನಿಂದ ಚಕ್ರಕ್ಕೆ ಹೋಗುವ ಬೆಲ್ಟ್ ಹರಿದು ತುಂಡಾಗಿತ್ತು. ಅದರ ಬೆನ್ನನ್ನು ಬಟ್ಟೆಯಲ್ಲಿ ಉಜ್ಜಿ ಉಜ್ಜಿ ನಂಬರ್ ಹುಡುಕಿದೆ. ಬಿ ಐವತ್ತಾರು, ಅಂದರೆ ಐವತ್ತಾರು ಇಂಚು. ಆ ಸೈಜು ಕಡೂರಿನಲ್ಲಿ ಸಿಗಲಿಲ್ಲ. ಚೀಟಿ ಬರೆದು ತರೀಕೆರೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಆಗ ಸಾಮಾನು ತರಿಸುತ್ತಿದ್ದುದೇ ಹಾಗೆ. ಸಂಜೆ ಅದೇ ಬಸ್ಸಿನಲ್ಲಿ ಹೊಸ ಬೆಲ್ಟ್ ಬಂತು. ತರೀಕೆರೆಯ ಅಂಗಡಿಯವನು ನನ್ನ ಚೀಟಿಯನ್ನೂ ದಾರದಲ್ಲಿ ಅದಕ್ಕೇ ಕಟ್ಟಿದ್ದ. ಮಾರನೇ ದಿನ ತೋಟಕ್ಕೆ ಹೋಗಿ ಚೀಟಿ ಬಿಚ್ಚಿ ಟೂಲ್ಸ್ ಡಬ್ಬಿಗೆ ಎಸೆದು ಬೆಲ್ಟ್ ಹಾಕಿದೆ.

ಸಮನೆಲದಲ್ಲಿ ಗಾಡಿ ಚೆನ್ನಾಗಿ ಹೋಯಿತು. ಏರು ಬಂದ ಕೂಡಲೇ ಇಂಜಿನ್ ಕಿರುಚುತ್ತದೆ, ಚಕ್ರ ತಿರುಗುವುದಿಲ್ಲ. ರಬ್ಬರ್ ಸುಟ್ಟ ವಾಸನೆ. ಪುಲ್ಲಿಗೆ ಗ್ರೀಸ್ ಮೆತ್ತಿದೆಯೇನೋ ಅಂತ ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿದೆ. ಆಗಲಿಲ್ಲ. ಬೆಲ್ಟನ್ನು ಒತ್ತಿ ಹಿಡಿಯುವ ಸಣ್ಣ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿದೆ, ಬೇರಿಂಗ್ ಚೆನ್ನಾಗಿತ್ತು. ಅದನ್ನು ಎಳೆಯುವ ಸ್ಪ್ರಿಂಗ್ ಸೋತಿದೆ ಅಂದುಕೊಂಡು ಎರಡು ಸುತ್ತು ಕತ್ತರಿಸಿ ಬಿಗಿಯಾಗಿ ಸಿಕ್ಕಿಸಿದೆ. ಎಲ್ಲ ನೋಡಿದೆ, ಬೆಲ್ಟ್ ಒಂದನ್ನು ಬಿಟ್ಟು. ಹೊಸದು, ಅದರಲ್ಲೇನು ನೋಡುವುದು?

“ಮೇಸ್ತ್ರಿ, ಬೆಲ್ಟೇ ಉದ್ದ ಆಯ್ತೇನೋ ನೋಡೋ,” ಅಂದ ಅಜ್ಜ. “ಎತ್ತಿನ ಕಣ್ಣಿ ಹಗ್ಗ ಜೋಲಾಡ್ದಂಗೆ ಜೋಲಾಡ್ತದೆ.”

“ಅಜ್ಜ, ಓಡ್ಸೋದು ನೀನು, ರಿಪೇರಿ ಮಾಡೋದು ನಾನು. ಸುಮ್ನೆ ಹತ್ಕೋ.”

ಹತ್ತಿದ. ಈ ಸಲ ಗಾಡಿ ಏರನ್ನೂ ಹತ್ತಿತು. ನಾನು ಬೀಡಿ ಹಚ್ಚಿದೆ. ಆ ದಿಬ್ಬದ ಆಚೆ ಕೆರೆಯ ಕಡೆಗೆ ಇಳಿಜಾರು. ಗಾಡಿ ಇಳಿಯಲು ಶುರುಮಾಡಿದ ಕೂಡಲೇ ಪಟ್ ಅಂತ ಒಂದು ಸದ್ದು. ಬೆಲ್ಟ್ ಪುಲ್ಲಿಯಿಂದ ಹಾರಿತ್ತು. ಬ್ರೇಕ್ ಹೆಸರಿಗೆ ಮಾತ್ರ ಇತ್ತು. ಇಳಿಜಾರಿನಲ್ಲಿ ಗಾಡಿಯನ್ನು ಇಂಜಿನ್ನಿಗೆ ಕಟ್ಟಿ ಹಿಡಿಯುತ್ತಿದ್ದುದು ಅದೇ ಬೆಲ್ಟ್. ಈಗ ಹಿಡಿಯುವವರೇ ಇಲ್ಲ. ಗಾಡಿ ಕಲ್ಲು ಉರುಳಿದ ಹಾಗೆ ಉರುಳಿತು.

ಅಜ್ಜ “ಹೋ! ಹೋ! ಹೋ!” ಅಂತ ಕೂಗುತ್ತಿದ್ದ. ಎತ್ತು ನಿಲ್ಲಿಸುವ ಕೂಗು. ಕಬ್ಬಿಣಕ್ಕೆ ಅದು ಕೇಳುತ್ತದಾ? ಬೀಡಿ ಬೆರಳು ಸುಟ್ಟರೂ ಹಾಗೇ ನಿಂತಿದ್ದೆ. ಗಾಡಿ ಹೋಗಿ ತೆಂಗಿನ ಮರಕ್ಕೆ ಗುದ್ದಿತು. ಅವನು ಆಚೆ ಬಿದ್ದ. ಓಡಿ ಹೋಗಿ ನೋಡಿದರೆ ಬಲಗಾಲು ಮೊಣಕಾಲಿನ ಕೆಳಗೆ, ಕೀಲೇ ಇಲ್ಲದ ಜಾಗದಲ್ಲಿ ಮಡಚಿಕೊಂಡಿತ್ತು. ಇಂಜಿನ್ ಇನ್ನೂ ಓಡುತ್ತಲೇ ಇತ್ತು. ಪ್ಲಗ್ ವೈರ್ ಕಿತ್ತು ನಿಲ್ಲಿಸಿದೆ.

ಯಜಮಾನರು ಓಡಿ ಬಂದರು. ಮೊದಲು ಗಾಡಿ ನೋಡಿದರು, ಆಮೇಲೆ ಅಜ್ಜನನ್ನು. “ಕಣ್ಣು ಕಾಣಲ್ಲ, ಕೈ ನಡುಗ್ತದೆ, ಇನ್ನೂ ಇವ್ನನ್ನ ಕೂರ್ಸಿದ್ದು ನನ್ನ ತಪ್ಪು. ಸಾಕು ಬಿಡಪ್ಪ, ಇನ್ಮೇಲೆ ಮನೇಲಿರು.”

ಆಳುಗಳು ಎರಡು ತೆಂಗಿನ ಮಟ್ಟೆ ಇಟ್ಟು ಅಜ್ಜನ ಕಾಲಿಗೆ ಟವಲ್ ಸುತ್ತುತ್ತಿದ್ದರು. ನಾನು ಬಿದ್ದಿದ್ದ ಬೆಲ್ಟ್ ಎತ್ತಿ ತಿರುಗಿಸಿದೆ. ಬೆನ್ನ ಮೇಲೆ ಬೆಳ್ಳಗೆ ಇಂಗ್ಲಿಷಿನಲ್ಲಿ ಬಿ ಐವತ್ತೊಂಬತ್ತು. ಮೂರಿಂಚು ಹೆಚ್ಚು ಉದ್ದ.

“ಅಜ್ಜಂದಲ್ಲ ಯಜಮಾನ್ರೇ! ಆ ತರೀಕೆರೆಯೋನು ಬೇರೆ ಬೆಲ್ಟ್ ಕೊಟ್ಟವ್ನೆ. ನೋಡಿ, ಚೀಟಿ ಇಲ್ಲೇ ಐತೆ!” ಅಂತ ಡಬ್ಬಿಯಿಂದ ಚೀಟಿ ತೆಗೆದು ಬಿಡಿಸಿದೆ.

ಬಿಡಿಸಿದವನು ಹಾಗೇ ನಿಂತೆ. ಅಂಕೆಗಳನ್ನು ನಾನು ಕನ್ನಡದಲ್ಲಿ ಬರೆದಿದ್ದೆ. ಐದು ಐದೇ ಆಗಿತ್ತು. ನನ್ನ ಆರು ಆರಾಗಿರಲಿಲ್ಲ. ೬ ಅಂತ ಬರೆಯಲು ಹೋಗಿ ಕೊನೆಯ ಬಾಲವನ್ನು ತಪ್ಪು ಕಡೆ ಎಳೆದಿದ್ದೆ. ಯಾರು ಓದಿದರೂ ೯. ಸ್ಕೂಲಿನಲ್ಲಿ ಮೇಷ್ಟ್ರು ಇದಕ್ಕೇ ಕಿವಿ ಹಿಂಡುತ್ತಿದ್ದರು.

ಯಜಮಾನರು ಚೀಟಿ ಕಿತ್ತುಕೊಂಡು ನೋಡಿದರು. “ಒಂಬತ್ತೇ ಅಲ್ವೇನೋ ಇದು?”

“ನಾನು ಬರ್ದಿದ್ದು ಆರು ಯಜಮಾನ್ರೇ. ಕೈ ತಪ್ಪೈತೆ. ತರೀಕೆರೆಯೋಂದಲ್ಲ, ಅಜ್ಜಂದೂ ಅಲ್ಲ. ನಂದು.”

ಅಜ್ಜನಿಗೆ ಓದು ಬರದು. ನನ್ನ ಮುಖವನ್ನೇ ನೋಡುತ್ತಿದ್ದ. “ಹಂಗಾರೆ ನಾನು ಸರ್ಯಾಗೇ ಓಡಿಸ್ತಿದ್ನೇನೋ?”

“ಹೂಂ ಅಜ್ಜ. ನೀನು ಹೇಳಿದ್ದೂ ಸರಿ. ಬೆಲ್ಟೇ ಉದ್ದ.”

“ಕೇಳಿಸ್ಕಂಡ್ರಾ ಯಜಮಾನ್ರೇ?” ನೋವಲ್ಲಿ ಹಲ್ಲು ಕಚ್ಚಿಕೊಂಡೇ ಕೇಳಿದ.

ಯಜಮಾನರು ಚೀಟಿಯನ್ನು ನನ್ನ ಕೈಗೆ ತುರುಕಿ ಅಜ್ಜನ ಕಡೆ ತಿರುಗಿದರು. “ಕಾಲು ಕೂಡ್ಲಿ, ಬಾ. ಗಾಡಿ ನಿಂದೇ. ಈ ನನ್ಮಗ ಮಾತ್ರ ತೋಟದೊಳಕ್ಕೆ ಕಾಲಿಡಕೂಡದು.”

“ಬ್ಯಾಡಿ ಯಜಮಾನ್ರೇ, ಇವನೇ ಬರ್ಲಿ,” ಅಂದ ಅಜ್ಜ. “ಇವ್ನು ಒಂದು ಕಾಲು ಮುರ್ದು ಕಲ್ತವ್ನೆ. ಹೊಸಬ ಬಂದ್ರೆ ಕಲಿಯಾಕೆ ಇನ್ನೊಂದು ಕಾಲು ನಾನೇ ಕೊಡ್ಬೇಕು.”

ಆಳುಗಳು ನಕ್ಕರು. ನನಗೆ ನಗು ಬರಲಿಲ್ಲ. ಕಡೂರಿನ ಆಸ್ಪತ್ರೆಗೆ ಸಾಗಿಸಲು ಅವನನ್ನು ನಾಲ್ಕು ಜನ ಎತ್ತಿದೆವು. ಮುರಿದ ಕಾಲಿನ ಕಡೆ ನಾನೇ ಹಿಡಿದೆ.