ಕೆಟಲಿನ ತಳದ ಮೂರು ಕಲೆ

ತೊಮಾಬೆಚಿ ಇಸೊಕೊ ನಮ್ಮ ಎರಕದ ಮನೆಗೆ ಸೇರಿದ್ದು ಕಬ್ಬಿಣದ ಕೆಟಲುಗಳನ್ನು ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವ ಕೆಲಸಕ್ಕೆ. ಈಗಲೂ ಅವರ ಕೆಲಸ ಅದೇ. ಕಂಪ್ಯೂಟರಿನಲ್ಲಿ ಕೆಟಲ್ ಕಾಯಿಸುವುದನ್ನು ಅವರು ಊಟದ ಬಿಡುವಿನಲ್ಲಿ ತಾವಾಗಿ ಹಚ್ಚಿಕೊಂಡರು.

ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ಅವರು ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುತ್ತಿದ್ದರು. ಆ ಕಾರ್ಖಾನೆ ಮುಚ್ಚಿದ ದಿನ ಅಲ್ಲಿನ ಇಂಜಿನಿಯರೊಬ್ಬರು ಒಂದು ಸಾಫ್ಟ್‌ವೇರಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರು. ಅದು ಬಿಟ್ಟಿಯಾಗಿ ಸಿಗುತ್ತದೆ, ಒಳಗಿನ ಬರಹವನ್ನು ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದು. ವಸ್ತುವನ್ನು ಸಾವಿರಾರು ಸಣ್ಣ ತ್ರಿಕೋನಗಳಾಗಿ ಕತ್ತರಿಸಿಕೊಂಡು, ಒಂದೊಂದರಲ್ಲೂ ವಿದ್ಯುತ್ತು ಎಷ್ಟು ಹುಟ್ಟಿತು, ಬಿಸಿ ಎತ್ತ ಹರಿಯಿತು ಎಂದು ಅದು ಲೆಕ್ಕ ಹಾಕುತ್ತದೆ.

ಮೊದಲ ವರ್ಷ ಇಸೊಕೊ ಮಿಲಿಮೀಟರಿನಲ್ಲಿ ಬರೆದ ಅಳತೆಗಳನ್ನು ಅದು ಮೀಟರ್ ಎಂದು ಓದಿಕೊಂಡಿತ್ತು. ಕೆಟಲಿನ ತಳ ನೂರೈವತ್ತು ಮೀಟರ್ ಅಗಲ. ಲೆಕ್ಕದಲ್ಲಿ ಒಂದು ಇಡೀ ದಿನ ಕಾಯಿಸಿದರೂ ನೀರು ಉಗುರುಬೆಚ್ಚಗೂ ಆಗಲಿಲ್ಲ. ಪಕ್ಕದಲ್ಲೇ ಕೂತು ಪೆಟ್ಟಿಗೆ ಕಟ್ಟುವ ಮಿತ್ಸುಎ ಇವತ್ತಿಗೂ ಅದನ್ನು ಬಿಟ್ಟಿಲ್ಲ.

"ಇಸೊ-ಸಾನ್, ಆ ಗುಡ್ಡದಷ್ಟು ಕೆಟಲಲ್ಲಿ ಚಹಾ ಆಯ್ತೇನ್ರೀ?"

"ಇನ್ನೂ ಇಲ್ಲ. ಆದ್ರೆ ಮೊದಲ್ನೇ ಲೋಟ ನಿಮಗೇ."

ಅವರಿಗೊಂದು ಪದ್ಧತಿಯಿದೆ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವುದು, ಬದಲಾಯಿಸಿದ್ದನ್ನು ನೋಟುಬುಕ್ಕಿನಲ್ಲಿ ಬರೆಯುವುದು. ಆ ಸಾಫ್ಟ್‌ವೇರ್ ಬಳಸುವವರು ಕಷ್ಟ ಹೇಳಿಕೊಳ್ಳುವ ಜಾಲತಾಣದಲ್ಲಿ ಅವರು ಎಲ್ಲೆಲ್ಲಿಯವರಿಗೋ ಉತ್ತರ ಬರೆಯುತ್ತಾರೆ. ಯಾರು ಏನು ಕೇಳಿದರೂ ಅವರ ಮೊದಲ ಸಾಲು ಒಂದೇ: ನಿಜವಾದ ವಸ್ತುವಿನ ಫೋಟೊ ಕಳಿಸಿ.

ಈ ವಸಂತದಲ್ಲಿ ಮೂವತ್ತು ಕೆಟಲುಗಳ ಕೆಲಸ ಬಂತು. ಊರಿನ ಹೊಸ ಸರ್ಕಾರಿ ವಸತಿಗೆ. ಅಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ, ಇಂಡಕ್ಷನ್ ಒಲೆ ಮಾತ್ರ. ನಮ್ಮ ಯಜಮಾನರು ಕರುಮೈ ಶೊಜೊ, ಎಪ್ಪತ್ತನಾಲ್ಕು ವರ್ಷ, ಇದ್ದಿಲ ಒಲೆಯ ಕೆಟಲನ್ನಷ್ಟೇ ಎರಕ ಹೊಯ್ದವರು. ಇಸೊಕೊ ಲೆಕ್ಕ ಹಾಕಿ, ತಳ ಐದು ಮಿಲಿಮೀಟರ್ ದಪ್ಪವಿದ್ದು ಸಪಾಟಾಗಿದ್ದರೆ ಸಾಕು ಎಂದರು. ಶೊಜೊ ಹಾಗೇ ಹೊಯ್ದರು.

ಒಂದನ್ನು ಒಲೆಯ ಮೇಲಿಟ್ಟು ಆರು ದಿನ ಕುದಿಸಿದೆವು. ಏಳನೆಯ ದಿನ ಬೋರಲು ಹಾಕಿದಾಗ ತಳದ ಕಪ್ಪು ಮೆರುಗಿನ ಮೇಲೆ ನಾಣ್ಯದಗಲದ ಮೂರು ಕಂದು ಕಲೆಗಳಿದ್ದವು. ಸುಟ್ಟ ಕಲೆಗಳು.

"ಶುಕ್ರವಾರ ಕುಲುಮೆ ಹಚ್ತೀವಿ," ಎಂದರು ಶೊಜೊ. "ಅಷ್ಟರೊಳಗೆ ಯಾಕೆ ಅಂತ ಗೊತ್ತಾಗ್ಲಿಲ್ಲ ಅಂದ್ರೆ ಮೂವತ್ತನ್ನೂ ಕರಗಿಸಿಬಿಡ್ತೀನಿ. ಕಲೆ ಬೀಳೋ ಕೆಟಲಿಗೆ ನಮ್ಮಪ್ಪನ ಮುದ್ರೆ ಹಾಕಿ ಕಳಿಸಲ್ಲ."

"ಹೀಗೆ ಮಾಡಿ ಅಂದಿದ್ದು ನಾನು, ತಪ್ಪು ನನ್ ಲೆಕ್ಕದ್ದೇ," ಎಂದರು ಇಸೊಕೊ. "ಶುಕ್ರವಾರದ ತನಕ ಮುಟ್ಬೇಡಿ."

ಅದು ಸೋಮವಾರ. ಅವರ ಲೆಕ್ಕದಲ್ಲಿ ತಳದ ಸುತ್ತ ಬಳೆಯ ಹಾಗೆ ಒಂದು ಬಿಸಿ ಪಟ್ಟಿ ಬರುತ್ತಿತ್ತು, ಅದೂ ನೂರಮೂವತ್ತು ಡಿಗ್ರಿ ದಾಟುತ್ತಿರಲಿಲ್ಲ. ಮೆರುಗು ಸುಡಲು ಅದು ಸಾಲದು. ಅಳತೆಗಳನ್ನು ಮತ್ತೆ ನೋಡಿದರು, ಸರಿಯಿದ್ದವು. ತ್ರಿಕೋನಗಳನ್ನು ಇನ್ನೂ ಸಣ್ಣದು ಮಾಡಿದರು, ಉತ್ತರ ಅರ್ಧ ಡಿಗ್ರಿ ಸರಿಯಿತು. ಬಿಸಿಯಾದಂತೆ ಕಬ್ಬಿಣದ ಕಾಂತಗುಣ ಬದಲಾಗುವುದನ್ನೂ ಸೇರಿಸಿದರು. ಒಲೆ ಕೊಟ್ಟ ಶಕ್ತಿಗೂ ನೀರಿಗೆ ಸೇರಿದ ಬಿಸಿಗೂ ತಾಳೆ ನೋಡಿದರು, ತಾಳೆಯಾಯಿತು. ಮಂಗಳವಾರ ಸಂಜೆಗೆ ನೋಟುಬುಕ್ಕಿನ ಒಂಬತ್ತು ಪುಟ ತುಂಬಿದವು. ಹತ್ತು ಎಂದು ಬರೆಯಲಿದ್ದೆ, ಎಣಿಸಿ ನೋಡಿದರೆ ಒಂಬತ್ತು.

ಜಾಲತಾಣದಲ್ಲಿ ಅವರೂ ಕೇಳಿದರು. ತೈವಾನಿನಿಂದ ಒಬ್ಬರು ಬರೆದರು: "ಅಕ್ಕ, ನೀವು ಕೆಟಲನ್ನ ಕೊಯ್ದಂಥ ಒಂದು ಸೀಳು ಮಾತ್ರ ಬರೆದು ಅದನ್ನ ಗುಂಡಗೆ ತಿರುಗಿಸಿದೀರ. ಹಾಗೆ ಮಾಡಿದ್ರೆ ಬಳೆ ಬರುತ್ತೆ, ಮೂರು ಕಲೆ ಯಾವತ್ತಿಗೂ ಬರಲ್ಲ. ನಿಮ್ಮ ಕೆಟಲಲ್ಲಿ ಮೂರು ಇರೋದು ಏನಾದ್ರೂ ಇದೆಯಾ?"

ಇಸೊಕೊ ಶೊಜೊ ಅವರ ನಕ್ಷೆಯನ್ನು ಬಿಡಿಸಿ ಹುಡುಕಿದರು. ಹಿಡಿ ಒಂದು, ಮೂತಿ ಒಂದು, ಹಿಡಿಯ ಕಿವಿ ಎರಡು. ಮೂರು ಇರುವುದು ಏನೂ ಇರಲಿಲ್ಲ.

ಬುಧವಾರ ಹತ್ತು ಗಂಟೆಯ ಚಹಾಕ್ಕೆ ಕಲೆ ಬಿದ್ದ ಆ ಕೆಟಲನ್ನೇ ಇಟ್ಟಿದ್ದೆವು. ನೀರು ಕಾದು, ಪೈನ್ ಮರಗಳಲ್ಲಿ ಗಾಳಿ ಹೊಕ್ಕಂತೆ ಅದು ಸಣ್ಣಗೆ ಗುಂಯ್ಗುಟ್ಟತೊಡಗಿತು.

"ತಳ ಸುಟ್ರೂ ಗಂಟಲಿಗೇನೂ ಆಗಿಲ್ಲ ನೋಡಿ ಇದಕ್ಕೆ," ಎಂದರು ಮಿತ್ಸುಎ. "ಎಷ್ಟ್ ಚೆನ್ನಾಗಿ ಹಾಡ್ತಿದೆ!"

ಇಸೊಕೊ ಲೋಟವನ್ನು ಕೆಳಗಿಟ್ಟರು.

"ಶೊಜೊ-ಸಾನ್, ಇದು ಯಾಕೆ ಹಾಡುತ್ತೆ?"

"ಯಾಕೆ ಅಂದ್ರೆ? ಒಳಗೆ ತಳಕ್ಕೆ ಕಬ್ಬಿಣದ ತುಂಡು ಅಂಟಿಸಿರ್ತೀವಲ್ಲ, ಆವಿ ಗುಳ್ಳೆ ಅದಕ್ಕೆ ಬಡಿದು ಹಾಡುತ್ತೆ."

"ಎಷ್ಟು?"

"ಮೂರು."

ಇಸೊಕೊ ನಕ್ಷೆಗೆ ಕೈಚಾಚಿದರು.

"ನಕ್ಷೆಯಲ್ಲಿ ಇಲ್ವಲ್ಲ!"

"ನಕ್ಷೆಯಲ್ಲಿ ಯಾಕಿರ್ಬೇಕು? ಕೆಟಲಿಗೆ ನೀರು ಹಾಕಿ ಅಂತ ನಕ್ಷೆಯಲ್ಲಿ ಬರ್ದಿದೀವಾ?"

ಆ ತುಂಡುಗಳು ಇಸೊಕೊಗೆ ಗೊತ್ತಿಲ್ಲದವಲ್ಲ. ಪೆಟ್ಟಿಗೆಗೆ ತುಂಬುವ ಮೊದಲು ಪ್ರತಿ ಕೆಟಲಿನ ಒಳಗನ್ನೂ ಬಟ್ಟೆಯಿಂದ ಒರೆಸುವವರು ಅವರೇ. ಸಾವಿರ ಸಲ ಬೆರಳಿಗೆ ತಾಗಿದ್ದರಿಂದಲೇ ಅವು ನೆನಪಿಗೆ ಬರಲಿಲ್ಲ. "ಊರವರನ್ನೆಲ್ಲ ಫೋಟೊ ಕೇಳ್ತೀನಿ, ನಮ್ಮನೆ ಕೆಟಲಿನ ಮುಚ್ಚಳ ತೆಗೆದು ನೋಡ್ಲಿಲ್ಲ," ಎಂದು ನೋಟುಬುಕ್ಕು ತರಲು ಎದ್ದರು.

ತುಂಡುಗಳು ಎಲ್ಲಿರಬೇಕೆಂಬುದನ್ನು ಶೊಜೊ ಅವರ ತಂದೆ ಕೈಹಿಡಿದು ಕಲಿಸಿದ್ದರು, ಮನೆಯ ಗುಟ್ಟೆಂದು ಕಾಗದಕ್ಕೆ ಇಳಿಸಿರಲಿಲ್ಲ. ಶೊಜೊ ಮೊದಲು ಹೇಳಲೊಲ್ಲದೆ ಕುಲುಮೆಯ ಕಡೆ ಹೋದರು. ಮೂವತ್ತು ಕೆಟಲುಗಳು ಅಲ್ಲೇ ಸಾಲಾಗಿದ್ದವು. ತಿರುಗಿ ಬಂದು ಕೆಟಲಿನೊಳಗೆ ಬೆರಳಿಟ್ಟು ತೋರಿಸಿದರು. ಹೊರಗಿನ ಕಲೆಗಳು ಸರಿಯಾಗಿ ಆ ಮೂರು ಜಾಗದ ಕೆಳಗೇ ಇದ್ದವು.

ಇಸೊಕೊ ಸೀಳನ್ನು ಬಿಟ್ಟು ಇಡೀ ಕೆಟಲನ್ನು, ಮೂರು ತುಂಡನ್ನೂ ಅವುಗಳ ಕೆಳಗಿನ ಉರುಷಿ ಮರದ ಹಾಲಿನ ಅಂಟನ್ನೂ ಸೇರಿಸಿ ಬರೆದರು. ಲೆಕ್ಕ ಮುಗಿಯಲು ನಾಲ್ಕು ಗಂಟೆ ಬೇಕಾಯಿತು. ಪರದೆಯ ಮೇಲೆ ಮೂರು ಕೆಂಪು ಚುಕ್ಕೆಗಳು ಬಂದವು, ಇನ್ನೂರ ತೊಂಬತ್ತು ಡಿಗ್ರಿ. ಅಂಟು ಬಿಸಿಯನ್ನು ನೀರಿಗೆ ಹೋಗಗೊಡುತ್ತಿರಲಿಲ್ಲ.

"ಹಾಗಾದ್ರೆ ತುಂಡು ಕಿತ್ತು ಮೂಗಿ ಕೆಟಲ್ ಕಳಿಸ್ಲಾ?" ಶೊಜೊ ಕೇಳಿದರು. "ಅದಕ್ಕಿಂತ ಕರಗಿಸೋದೇ ವಾಸಿ."

"ಕೀಳೋದು ಬೇಡ, ಸರಿಸೋಣ. ಈ ಒಲೆ ಬಳೆ ಥರ ಕಾಯಿಸುತ್ತೆ, ನಡುವೆ ತಣ್ಣಗಿರುತ್ತೆ. ಮೂರನ್ನೂ ನಡುವೆ ಕೂರಿಸಿ."

"ಅಲ್ಲಿ ಹಾಡುತ್ತಾ?"

"ಅದು ನನ್ ಲೆಕ್ಕದಲ್ಲಿ ಬರಲ್ಲ ಶೊಜೊ-ಸಾನ್. ನಿಮ್ಮ ಕಿವಿಗೇ ಬಿಟ್ಟಿದ್ದು."

ಗುರುವಾರ ಬೆಳಿಗ್ಗೆ ಶೊಜೊ ಒಂದು ಕೆಟಲಿನ ತುಂಡುಗಳನ್ನು ಉಳಿಯಿಂದ ಬಿಡಿಸಿ, ನಡುವೆ ಅಂಟಿಸಿ, ಕಾಯಿಸಿ ಒಣಗಿಸಿದರು. ಮಧ್ಯಾಹ್ನ ಒಲೆಯ ಮೇಲಿಟ್ಟೆವು. ಲೆಕ್ಕ ಸರಿಯೇ ಎಂದು ನೋಡಲು ಇಸೊಕೊ ತಳಕ್ಕೆ ಉಷ್ಣಮಾಪಕದ ತಂತಿ ಹಚ್ಚಿದ್ದರು. ನೂರಮೂವತ್ತೆರಡಕ್ಕೆ ಬಂದು ನಿಂತಿತು. ಆದರೆ ಯಾರೂ ಆ ಕಡೆ ನೋಡುತ್ತಿರಲಿಲ್ಲ.

ನೀರು ಕಾಯಿತು. ಸ್ವಲ್ಪ ತಡವಾಗಿ, ಮೊದಲಿಗಿಂತ ದಪ್ಪ ಸ್ವರದಲ್ಲಿ ಕೆಟಲ್ ಹಾಡಿತು. ಶೊಜೊ ಕಣ್ಣು ಮುಚ್ಚಿ ಕೇಳಿದರು.

"ನೆಗಡಿ ಆದಾಗ ನಮ್ಮಪ್ಪ ಹೀಗೇ ಮಾತಾಡ್ತಿದ್ದ," ಎಂದರು. "ಇರ್ಲಿ. ಉಳಿದ ಕೆಟಲುಗಳನ್ನೂ ತನ್ನಿ."

ಶುಕ್ರವಾರ ಕುಲುಮೆಗೆ ಹಳೆಯ ಕಬ್ಬಿಣ ಮಾತ್ರ ಹೋಯಿತು. ಆ ಸಂಜೆ ಶೊಜೊ ಪೆಟ್ಟಿಗೆ ಕೋಣೆಗೆ ಬಂದು ಇಸೊಕೊ ಅವರ ಪೆನ್ಸಿಲ್ ಕೇಳಿ ಪಡೆದರು. ನಕ್ಷೆಯ ತಳದ ನಡುವೆ ಮೂರು ಸುತ್ತು ಹಾಕಿದರು. ಒಂದೂ ಗುಂಡಗಿರಲಿಲ್ಲ.

"ಅಳತೆ ಬರೀಬೇಡಿ," ಎಂದರು. "ಅಷ್ಟಾದ್ರೂ ಗುಟ್ಟು ಉಳೀಲಿ."

ಇಸೊಕೊ ಆಗಲಿ ಎಂದು ತಲೆದೂಗಿ, ನಕ್ಷೆಯನ್ನು ಮಡಿಸದೆ ಗೋಡೆಗೆ ತೂಗುಹಾಕಿದರು.